ಖಂಡೇನವಮಿಯ ಸಾಬೂನು ಮತ್ತು ಇಳಿಯದ ಪ್ರಯಾಣಿಕ

ಕೊಲ್ಲಾಪುರದ ಪಕ್ಕದ ಗೋಕುಳ ಶಿರಗಾಂವದ ಕಾರ್ಖಾನೆಗಳಿಗೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗರು ಮೊದಲ ವಾರ ಮೂಗು ಮುಚ್ಚಿಕೊಂಡೇ ತಿರುಗುತ್ತಾರೆ. ನಮ್ಮ ಗೇಟಿಗೆ ಬಂದವರು ಮಾತ್ರ ಮೂಗು ಮುಚ್ಚಬೇಕೋ ತೆರೆಯಬೇಕೋ ತಿಳಿಯದೆ ನಿಂತುಬಿಡುತ್ತಿದ್ದರು. ಗಾಳಿ ಒಂದು ಕಡೆಯಿಂದ ಬೀಸಿದರೆ ಮಲ್ಲಿಗೆ ಹೂವಿನ ಗಮಗಮ. ಇನ್ನೊಂದು ಕಡೆಯಿಂದ ಬೀಸಿದರೆ ಕಣ್ಣಲ್ಲಿ ದಳದಳ ನೀರು. ಎರಡನ್ನೂ ಮಾಡುತ್ತಿದ್ದವರು ನಾವೇ.

ನಾವು ತಯಾರಿಸುತ್ತಿದ್ದ ಮಾಲಿನ ಹೆಸರು ಬೆಂಜೈಲ್ ಅಸಿಟೇಟ್. ನೀವು ದೇವರ ಮುಂದೆ ಹಚ್ಚುವ ಮಲ್ಲಿಗೆ ವಾಸನೆಯ ಊದಿನಕಡ್ಡಿಯಲ್ಲಿ ಹೂವು ಎಷ್ಟಿರುತ್ತದೋ ನನಗೆ ಗೊತ್ತಿಲ್ಲ, ನಾನಂತೂ ಇದ್ದೇನೆ. ಅದನ್ನು ಮಾಡಲು ಬೇಕಾಗುವ ಬೆಂಜೈಲ್ ಕ್ಲೋರೈಡ್ ಎಂಬ ಎಣ್ಣೆಯಂಥ ದ್ರವ ಮಹಾ ಕಿಲಾಡಿ. ಡಬ್ಬಿಯ ಮುಚ್ಚಳ ತುಸು ಸಡಿಲಾದರೆ ಸಾಕು, ಕಲ್ಲುಮನಸ್ಸಿನವರೂ ಅಳುತ್ತಾರೆ. ಒಮ್ಮೆ ಒಬ್ಬ ದಲ್ಲಾಳಿ ಧಿಮಾಕಿನಿಂದ ಒಳಗೆ ಬಂದು, ಎಚ್ಚರಿಸಿದರೂ ಕೇಳದೆ ಪೀಪಾಯಿಯ ಹತ್ತಿರ ನಿಂತು ನಮ್ಮ ಮಾಲಿನ ರೇಟಿನ ಬಗ್ಗೆ ವಾದ ಮಾಡಿದ. ಹೊರಗೆ ಹೋಗುವಾಗ ಬಿಕ್ಕುತ್ತಿದ್ದ. ಗೇಟಿನ ಕಾವಲುಗಾರ ಅವನ ಬೆನ್ನು ಸವರಿ, "ಇರ್ಲಿ ಬಿಡ್ರಿ, ನಮ್ಮ ಮಾಲಕ್ರು ಎಲ್ಲಾರ್ಗೂ ಹಂಗ ಬೈತಾರ" ಎಂದು ಸಮಾಧಾನ ಹೇಳಿ ಕಳಿಸಿದ.

ನಾನು ಹುಟ್ಟಿದ್ದು ಇಚಲಕರಂಜಿಯಲ್ಲಿ. ನಮ್ಮಪ್ಪ ಜಮಖಂಡಿ ಕಡೆಯಿಂದ ಬಂದು ಪವರ್‌ಲೂಮಿನಲ್ಲಿ ದುಡಿದವನು. ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಕೂಸುಗಳು ಎಚ್ಚರಾಗುತ್ತಿದ್ದವು. ಏಳನೇ ಇಯತ್ತೆಯಲ್ಲಿ ಶಾಲೆ ಬಿಟ್ಟೆ. ಅದಕ್ಕೆ ನನಗೆ ನಾಚಿಕೆ ಇಲ್ಲ. ಯಾವ ಪೀಪಾಯಿಯನ್ನು ಎಲ್ಲಿ ಹಿಡಿದು ಉರುಳಿಸಬೇಕು, ಯಾವ ವಾಲ್ವು ತಿರುಗಿಸುವಾಗ ಮುಖ ಯಾವ ಕಡೆ ಇರಬೇಕು ಎನ್ನುವುದು ಪುಸ್ತಕದಿಂದ ಬರುವುದಿಲ್ಲ. ಪುಸ್ತಕದಿಂದ ಬರುವುದು ಬೇರೆ ಇದೆ, ಅದೂ ಬೇಕು. ಮದುವೆಯಾದದ್ದು ಗಡಹಿಂಗ್ಲಜದ ಗಂಗವ್ವನನ್ನು. ವಾರವಿಡೀ ಶಿರಗಾಂವದ ಖೋಲಿಯಲ್ಲಿದ್ದು ಸುಟ್ಟಿಯ ದಿನ ಬಸ್ ಹತ್ತಿದರೆ ನನ್ನ ಅಕ್ಕಪಕ್ಕದ ಹೆಂಗಸರು ತಿರುತಿರುಗಿ ನೋಡುತ್ತಿದ್ದರು. ಗಂಡಸಿನ ಮೈಗೆ ಅಷ್ಟು ಮಲ್ಲಿಗೆ ವಾಸನೆ ಎಂದರೆ ಯಾರಾದರೂ ನೋಡುತ್ತಾರೆ. ಮನೆಗೆ ಹೋದರೆ ಗಂಗವ್ವ ಬಾಗಿಲಲ್ಲೇ ಮೂಗು ಎಳೆಯುತ್ತಿದ್ದಳು.

"ಬಂದ್ರೇನ್ರೀ ಮದುಮಗಾ? ಅಂಗಿ ಅಲ್ಲೇ ಬಿಚ್ಚ್ರಿ. ಆಜೂಬಾಜೂದವ್ರು ನನಗ ಮಲ್ಲಿಗಿ ಮಾಲಿ ತಂದ್ರಿ ಅಂತ ತಿಳ್ಕೊತಾರ."

ಬಡ್ತಿಯ ವಿಷಯ ಬಿಡುತ್ತೇನೆ. ಬಡ್ತಿ ಬಂತು, ಪೇಢೆ ಹಂಚಿದೆ, ಮುಗಿಯಿತು. ಹುಡುಗರಿಗೆ ಹೇಳಬೇಕಾದದ್ದು ಬೇರೆ: ನಮ್ಮ ಕೆಲಸದ ರೀತಿಯನ್ನೇ ತಿರುಗಿಸಿದ ಒಂದು ಹಿಡಿ ಬಿಳಿ ಪುಡಿಯ ಕಥೆ, ಮತ್ತು ಅದು ಒಂದು ಹಬ್ಬದ ಮರುದಿನ ಹೇಗೆ ಸತ್ತಂತೆ ಮಲಗಿತು ಎನ್ನುವ ಕಥೆ.

ಹಳೆಯ ಪದ್ಧತಿ ಹೀಗಿತ್ತು. ರಿಯಾಕ್ಟರ್ ಎಂದರೆ ಮುಚ್ಚಳವಿರುವ ದೊಡ್ಡ ಹಂಡೆ, ನಡುವೆ ಕಲಕುವ ಪಂಖ. ಅದರಲ್ಲಿ ಸೋಡಿಯಂ ಅಸಿಟೇಟ್ ಎಂಬ ಉಪ್ಪನ್ನು ನೀರಿನಲ್ಲಿ ಕರಗಿಸಿ, ಮೇಲೆ ಆ ಕಣ್ಣೀರಿನ ಎಣ್ಣೆ ಸುರಿದು ಕುದಿಸುವುದು. ನೀರು ಎಣ್ಣೆ ಎರಡಕ್ಕೂ ಆಗಿಬರುವುದಿಲ್ಲ. ಉಪ್ಪು ನೀರು ಬಿಟ್ಟು ಬರದು, ಎಣ್ಣೆ ನೀರಿಗೆ ಇಳಿಯದು. ಎರಡೂ ಭೇಟಿಯಾಗುವುದು ನಡುವಿನ ಗೆರೆಯ ಮೇಲೆ ಮಾತ್ರ. ಹೀಗಾಗಿ ಕುದಿಸಿದ್ದೇ ಕುದಿಸಿದ್ದು. ಒಂದು ಶಿಫ್ಟಿನವರು ಹೋಗಿ ಇನ್ನೊಂದು ಶಿಫ್ಟಿನವರು ಬಂದರೂ ಅದೇ ಬ್ಯಾಚು. ಕೊನೆಗೂ ಒಂದಿಷ್ಟು ಎಣ್ಣೆ ಹಾಗೇ ಉಳಿಯುತ್ತಿತ್ತು, ಅದನ್ನು ಬೇರೆ ಮಾಡುವಾಗ ನಾವು ಅಳುತ್ತಿದ್ದೆವು.

ಆಗ ಹೊಸ ಕೆಮಿಸ್ಟ್ ಆಗಿ ಬಂದವರು ಸುನಂದಾ ಮೇಡಂ. ಚಂದಗಡದವರು, ಬೆಳಗಾವಿಯಲ್ಲಿ ಓದಿದವರು. ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಬಿಳಿ ಪುಡಿ. ಅದನ್ನು ಲ್ಯಾಬಿನವರು ಕ್ವಾಟ್ ಎನ್ನುತ್ತಾರೆ. ನಮ್ಮ ಮಾಲಕರು ಅಪ್ಪಾಸಾಹೇಬರು ಡಬ್ಬಿಯನ್ನು ಎತ್ತಿ ನೋಡಿ ನಕ್ಕರು.

"ಇಷ್ಟ ಪುಡೀಲೆ ಅಷ್ಟ ದೊಡ್ಡ ಹಂಡೆ ಎಬ್ಬಸ್ತೀಯೇನ್ ತಂಗಿ?"

"ಎಬ್ಬಸ್ತೇನ್ರಿ ಅಪ್ಪಾಸಾಹೇಬ್ರ. ದೀಪಾವಳಿತನಾ ವ್ಯಾಳ್ಯಾ ಕೊಡ್ರಿ."

"ಕೊಟ್ಟೆ. ಎಬ್ಬಸಲಿಲ್ಲಂದ್ರ ನೀನೂ ಊರಿಗೆ, ಪುಡೀನೂ ಊರಿಗೆ. ನಾವು ಹಳೇ ಪದ್ಧತಿ."

ಅಪ್ಪಾಸಾಹೇಬರು ಗಡಹಿಂಗ್ಲಜದ ವ್ಯಾಪಾರಿ ಮನೆತನದವರು. ಕೆಲಸಗಾರರ ಮನೆಯ ಮದುವೆಗೆ ಮೊದಲು ಬಂದು ಕೊನೆಗೆ ಹೋಗುವವರು. ಒಂದೇ ಊನ: ತಮ್ಮದು ತಪ್ಪು ಎಂಬ ಮಾತು ಅವರ ಬಾಯಲ್ಲಿ ಹುಟ್ಟುತ್ತಿರಲಿಲ್ಲ, ಬೇರೆಯವರ ಬಾಯಲ್ಲಿ ಹುಟ್ಟಿದರೆ ಆಡಿದವರು ಕೆಲಸದಲ್ಲಿ ಉಳಿಯುತ್ತಿರಲಿಲ್ಲ. ಮೇಡಂಗಿಂತ ಮೊದಲಿದ್ದ ಕೆಮಿಸ್ಟ್ ಎಲ್ಲರೆದುರು "ಸಾಹೇಬ್ರ, ಇದು ನಿಮ್ದ ಚೂಕಿ" ಎಂದವನು, ಊಟದ ಡಬ್ಬಿ ಬಿಚ್ಚುವ ಮೊದಲೇ ಬಸ್ ಸ್ಟ್ಯಾಂಡಿನಲ್ಲಿದ್ದ.

ನಾನೂ ಪುಡಿಯನ್ನು ಚೇಷ್ಟೆ ಮಾಡಿದೆ. "ಮೇಡಂ, ಇದನ್ನ ಹಂಡೆಗೆ ಹಾಕೂದೋ, ಹಂಡೆಗೆ ಕುಂಕುಮದ ಗತೆ ಹಚ್ಚೂದೋ?" ಎಂದೆ. ಅವರು ಸಿಟ್ಟಾಗಲಿಲ್ಲ. "ಹಾಕಿ ನೋಡ್ರಿ ಕಾಕಾ, ಆಮ್ಯಾಲ ನೀವ ಹಚ್ಚತೀರಿ" ಎಂದರು. ಹಾಕಿದೆವು. ಬೆಳಗಿನ ಶಿಫ್ಟಿನಲ್ಲಿ ಏರಿಸಿದ ಬ್ಯಾಚು ಅದೇ ಶಿಫ್ಟಿನಲ್ಲಿ ಇಳಿಯಿತು. ನಾನು ಸ್ಯಾಂಪಲ್ ಬಾಟಲಿಯ ಬಿರಡೆ ತೆಗೆದು ಮೂಸಿದೆ. ಕಣ್ಣು ಉರಿಯಲಿಲ್ಲ. ಮಲ್ಲಿಗೆ, ಬರೀ ಮಲ್ಲಿಗೆ. ಮರುದಿನ ನಾನು ಖೋಲಿಯಿಂದ ಕುಂಕುಮದ ಭರಣಿ ತಂದು ಪುಡಿಯ ಡಬ್ಬಿಗೆ ಹಚ್ಚಿದೆ. ಮೇಡಂ ಹೊಟ್ಟೆ ಹಿಡಿದು ನಕ್ಕರು.

ಚಹಾದ ಹೊತ್ತಿಗೆ ಕೇಳಿದೆ, "ಇದು ಒಳಗ ಹೋಗಿ ಏನ್ ಮಾಡತೈತ್ರಿ?"

"ಈ ಪುಡ್ಯಾಗ ಒಂದು ಪ್ಲಸ್ ತುಂಡು ಐತಿ ಕಾಕಾ. ದೊಡ್ಡದು. ಮೈತುಂಬ ಎಣ್ಣಿಗೆ ಹೊಂದೂ ಬಾಹು. ಅದು ನೀರಿಗೆ ಹೋಗಿ ಅಸಿಟೇಟಿನ ಮೈನಸ್ ತುಂಡು ಕರ್ಕೊಂಡು ಎಣ್ಣ್ಯಾಗ ಬರತೈತಿ. ಪ್ಲಸ್ ಮೈನಸ್ ಜೋಡಿ ಆಗಿ ಬರತಾವ. ಅಲ್ಲಿ ಅಸಿಟೇಟ್ ಇಳದು ತನ್ನ ಕೆಲಸ ಮಾಡತೈತಿ."

"ಅಂದ್ರ ಕೊಲ್ಲಾಪುರದ ತಾಲೀಮಿನ ಪೈಲ್ವಾನ. ಮೈಗೆ ಎಣ್ಣಿ ಹಚ್ಕೊಂಡಾನ."

"ಹೌದ್ರಿ."

"ವಡಾಪ ಹೊಡ್ಯಾಕತ್ತಾನ."

ಮೇಡಂ ಚಹಾದ ಬಶಿ ಕೆಳಗಿಟ್ಟರು. ವಡಾಪ ಎಂದರೆ ನಮ್ಮ ಕಡೆ ಊರಿಂದೂರಿಗೆ ಜನರನ್ನು ತುರುಕಿಕೊಂಡು ಓಡುವ ಖಾಸಗಿ ಜೀಪು. ಚಂದಗಡದ ಘಟ್ಟದಲ್ಲಿ ಅದರಲ್ಲೇ ಕುಳಿತು ಶಾಲೆಗೆ ಹೋದವರು ಅವರು. "ಅಗದೀ ಬರೋಬರ್!" ಎಂದು, ಅಲ್ಲೇ ಕುಳಿತು ಇಡೀ ಶಾಸ್ತ್ರವನ್ನು ಜೀಪಿನ ಭಾಷೆಗೆ ತಿರುಗಿಸಿದರು. ಸೋಡಿಯಂ ಸಣ್ಣ ಡ್ರೈವರು, ಪ್ರಯಾಣಿಕ ಅಸಿಟೇಟ್ ಅವನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಹಿಡಿದ ಕೈಯಿಂದ ಬೇರೆ ಕೆಲಸ ಆಗುವುದಿಲ್ಲ. ಪೈಲ್ವಾನನ ಮೈ ದೊಡ್ಡದು, ತೆಕ್ಕೆಗೆ ಸಿಕ್ಕುವುದಿಲ್ಲ, ಪ್ರಯಾಣಿಕ ಸಡಿಲಾಗಿ ಕೂರುತ್ತಾನೆ, ನಿಲ್ದಾಣ ಬಂದ ಕೂಡಲೇ ಜಿಗಿಯುತ್ತಾನೆ. ಹೋಗುವಾಗ ಅಸಿಟೇಟ್, ಬರುವಾಗ ಕ್ಲೋರೈಡ್. ಜೋಡಿ ಸಡಿಲಾಗಿದ್ದಷ್ಟೂ ಜೀಪಿನ ಖೇಪು, ಅಂದರೆ ಸುತ್ತು, ಹೆಚ್ಚು. ಇದೇ ಇಡೀ ವಿದ್ಯೆ. ಆಮೇಲೆ ನಾನು ಎಷ್ಟೋ ಹೊಸಬರಿಗೆ ಇದನ್ನೇ ಹೇಳಿದ್ದೇನೆ.

ನನ್ನ ಜೊತೆಗಿದ್ದ ಆಪರೇಟರ್ ತುಕಾರಾಮನಿಗೂ ಇದೇ ಭಾಷೆ ಕೆಲಸಕ್ಕೆ ಬಂತು. ಉಪ್ಪು ಬೇಗ ಕರಗಲಿ ಎಂದು ಅವನು ಮೇಡಂ ಹೇಳಿದ್ದಕ್ಕಿಂತ ಹೆಚ್ಚು ನೀರು ಬಿಟ್ಟ. ಬ್ಯಾಚು ಆಮೆಯ ಹಾಗೆ ತೆವಳಿತು. "ಕಾಯ್ ಝಾಲಂ ಮ್ಯಾಡಂ?" ಎಂದು, ಏನಾಯಿತೆಂದು ತಿಳಿಯದೆ ತಲೆ ಕೆರೆದುಕೊಂಡ. ಅಸಿಟೇಟಿಗೆ ನೀರೆಂದರೆ ಪ್ರಾಣ. ಹೆಚ್ಚು ನೀರಿದ್ದರೆ ಒದ್ದೆ ಗಂಟುಮೂಟೆ ಹೊತ್ತುಕೊಂಡೇ ಜೀಪಿಗೆ ಬರುತ್ತದೆ, ಡ್ರೈವರ್ ಬೇಡ ಎನ್ನುತ್ತಾನೆ, ಹತ್ತಿಸಿಕೊಂಡರೂ ಆ ಗಂಟಿನ ನಡುವೆ ಕೈ ಆಡುವುದಿಲ್ಲ ಎಂದು ಮೇಡಂ ವಿವರಿಸಿದರು. ತುಕಾರಾಮ ಗೋಣು ಹಾಕಿ, "ಮಾಝ್ಯಾ ಸಾಸೂಸಾರಖಂ" ಎಂದ. ಅವನ ಅತ್ತೆ ಊರಿಗೆ ಬರುವಾಗ ತರುವ ಗಂಟುಗಳನ್ನು ನಾವೆಲ್ಲ ಬಲ್ಲೆವು. ಅಂದಿನಿಂದ ಅವನು ಹೆಚ್ಚು ನೀರು ಬಿಡಲಿಲ್ಲ.

ದಸರೆ ಬರುವ ಹೊತ್ತಿಗೆ ಪುಡಿಯ ಬ್ಯಾಚುಗಳು ಸುರಳೀತ ಓಡುತ್ತಿದ್ದವು. ಮೇಡಂ ಗೆದ್ದಂತೆಯೇ. ಆಗ ಬಂತು ಆಯುಧಪೂಜೆಯ ಖಂಡೇನವಮಿ.

ನಮ್ಮಲ್ಲಿ ಖಂಡೇನವಮಿ ಎಂದರೆ ಕಾರ್ಖಾನೆಯ ಸ್ನಾನ. ನಟ್ಟು ಬಿಗಿಯುವ ಪಾನೆಯಿಂದ ಹಿಡಿದು ಬಾಯ್ಲರಿನವರೆಗೆ ಎಲ್ಲ ತೊಳೆದು, ಅರಿಶಿಣ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆಯುವುದು. ಆ ವರ್ಷ ಅಪ್ಪಾಸಾಹೇಬರು ಇಚಲಕರಂಜಿಯ ಬಟ್ಟೆ ತೊಳೆಯುವ ಕಾರ್ಖಾನೆಯೊಂದರಿಂದ ಡಿಟರ್ಜೆಂಟ್ ಪುಡಿಯ ಚೀಲವನ್ನೇ ತರಿಸಿದ್ದರು. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತಿ, ತಮ್ಮ ಕೈಯಾರೆ ರಿಯಾಕ್ಟರಿಗೆ ಸುರಿದರು. "ಹಬ್ಬದ ದಿನಾ ಜಿಪುಣತನಾ ಮಾಡಬಾರ್ದು!" ಎಂದು ಇನ್ನಷ್ಟು ಸುರಿದರು. ಪಂಖ ತಿರುಗಿಸಿದೆವು. ಹಂಡೆಯ ಬಾಯಿಂದ ಬುರುಗು ಉಕ್ಕಿ, ಏಣಿಯ ಮೆಟ್ಟಿಲು ಇಳಿದು, ಪೂಜೆಯ ತಾಟಿನ ತನಕ ಬಂತು. ಎಲ್ಲರಿಗೂ ಖುಷಿ. ಮೇಡಂ ಊರಿಗೆ ಹೋಗಿದ್ದರು.

ಇನ್ನೊಂದು ಮಾತು. ಕೊಳೆ ನೀರು ಹೊರಗೆ ಬಿಡಬಾರದೆಂಬ ಕಾನೂನು ಬಿಗಿಯಾದ ಮೇಲೆ ಅಪ್ಪಾಸಾಹೇಬರು ಒಂದು ರಿವಾಜು ಹಾಕಿದ್ದರು: ಹಂಡೆ ತೊಳೆದ ನೀರನ್ನು ಟಾಕಿಯಲ್ಲಿ ಹಿಡಿದಿಟ್ಟು, ಮುಂದಿನ ಬ್ಯಾಚಿನ ಉಪ್ಪು ಕರಗಿಸಲು ಅದನ್ನೇ ಬಳಸಬೇಕು. ಬರೀ ನೀರಿನಿಂದ ತೊಳೆದಾಗ ಅದು ಒಳ್ಳೆಯ ರಿವಾಜೇ. ಹಬ್ಬದ ನೀರೂ ರಿವಾಜಿನಂತೆ ಟಾಕಿಗೆ ಹೋಯಿತು. ಅದನ್ನೇ ಬಳಸಿ ಮುಂದಿನ ಬ್ಯಾಚು ಏರಿತು.

ಮತ್ತು ಮಲಗಿತು. ಗಾಜಿನ ಕಿಂಡಿಯಲ್ಲಿ ನೋಡಿದರೆ ಒಳಗೆಲ್ಲ ಮಜ್ಜಿಗೆ. ಎಣ್ಣೆ ಯಾವುದು ನೀರು ಯಾವುದು ತಿಳಿಯದು. ಸ್ಯಾಂಪಲ್ ತೆಗೆದರೆ ಮಲ್ಲಿಗೆ ಇಲ್ಲ, ಕಣ್ಣೀರು ಮಾತ್ರ. ಮೇಡಂ ಪುಡಿ ಹೆಚ್ಚಿಸಿದರು, ತುಸು ಅಲುಗಿದಂತಾಗಿ ಮತ್ತೆ ನಿಂತಿತು. ಇನ್ನೊಂದು ಬ್ಯಾಚೂ ಹಾಗೇ. ತುಕಾರಾಮ ದೃಷ್ಟಿ ತಗುಲಿದೆ ಎಂದು ರಿಯಾಕ್ಟರಿಗೆ ಮೆಣಸಿನಕಾಯಿ ನಿಂಬೆಹಣ್ಣು ಕಟ್ಟಿದ. ಅಪ್ಪಾಸಾಹೇಬರು ಬಂದು ಕಿಂಡಿಯಲ್ಲಿ ಇಣುಕಿ, ಕಣ್ಣೊರೆಸಿಕೊಂಡರು.

"ತಂಗಿ, ಪುಡಿ ಕೈ ಕೊಡ್ತು. ದೀಪಾವಳಿ ಹತ್ರ ಬಂತು. ಈ ವಾರ ನೋಡ್ತೇನಿ, ಆಮ್ಯಾಲ ಹಳೇ ಪದ್ಧತಿ. ನೀ ಬ್ಯಾರೆ ಕಡೆ ನೋಡ್ಕೊ."

ಅಪ್ಪಾಸಾಹೇಬರು ಹೋದ ಮೇಲೆ ಮೇಡಂ ನನ್ನನ್ನು ಕೇಳಿದರು, "ಕಾಕಾ, ಖರೇ ಹೇಳ್ರಿ. ನಾ ಊರಿಗೆ ಹೋದಾಗ ಇಲ್ಲಿ ಏನ್ ಬದಲಾತು?"

ಬುರುಗಿನ ಕಥೆ ಹೇಳಿದೆ. ಅವರು ಓಡಿ ಹೋಗಿ ಟಾಕಿಯ ನೀರನ್ನು ಬಾಟಲಿಗೆ ಹಿಡಿದು ಅಲ್ಲಾಡಿಸಿದರು. ಬಾಟಲಿಯ ತುಂಬ ಬುರುಗು. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಡಿಟರ್ಜೆಂಟೂ ಮೈನಸ್ ರೀ ಕಾಕಾ. ಅದಕ ಉದ್ದನ್ನ ಎಣ್ಣಿ ಬಾಲ ಐತಿ. ನಿಮ್ಮ ಪೈಲ್ವಾನನ ಜೀಪಿನ್ಯಾಗ ಹತ್ತಿ ಅವನ್ನ ತೆಕ್ಕಿ ಹಾಯ್ದು ಕುಂತೈತಿ. ಎಣ್ಣ್ಯಾಗೂ ಇಳಿಯಂಗಿಲ್ಲ, ನೀರಾಗೂ ಇಳಿಯಂಗಿಲ್ಲ. ಅಸಿಟೇಟ್ ಪಾಪ ನಿಲ್ದಾಣದಾಗ ನಿಂತ ನೋಡಾಕತ್ತೈತಿ."

"ಹಂಗಾದ್ರ ಸಿಕ್ತಲ್ಲರಿ! ಹೇಳಿಬಿಡೂಣು."

"ಯಾರಿಗೆ ಹೇಳೂಣು? ಚೀಲಾ ತರಿಸಿದವ್ರು ಯಾರು? ಸುರದವ್ರು ಯಾರು? ಆ ನೀರು ಹಿಡದಿಡ್ರಿ ಅಂದವ್ರು ಯಾರು?"

ಇಕ್ಕಟ್ಟು ಅದೇ. ಹೇಳಿದರೆ ಮೇಡಂ ಅಂದೇ ಊರಿಗೆ. ಹೇಳದಿದ್ದರೆ ವಾರದಲ್ಲಿ ಊರಿಗೆ. ಅವರ ಜೊತೆ ಪುಡಿಯೂ ಹೋಗುತ್ತದೆ, ನಾವು ಮತ್ತೆ ಹಂಡೆ ಸುತ್ತ ಅಳುತ್ತ ಕೂರಬೇಕು. ನನಗೆ ಅದು ಬೇಕಾಗಿರಲಿಲ್ಲ. "ಸಾಹೇಬ್ರಿಗೆ ನಾವು ಹೇಳೂದ ಬ್ಯಾಡ್ರಿ. ಬಾಟಲಿ ಹೇಳ್ಲಿ" ಎಂದೆ. ಮೇಡಂ ಸ್ವಲ್ಪ ಯೋಚಿಸಿ, "ಬಟ್ಟಿ ಬಣ್ಣ ಬೇಕು. ಕೇಸರಿ ಆ್ಯಸಿಡ್ ಬಣ್ಣ, ಚಿಟಿಕಿ ಸಾಕು. ಅದೂ ಮೈನಸ್, ಅಸಿಟೇಟಿನ ಬದ್ಲಿ ಕಣ್ಣಿಗೆ ಕಾಣೂ ಪ್ರಯಾಣಿಕ" ಎಂದರು.

ಗಂಗವ್ವನ ತಮ್ಮ ರಾಚಪ್ಪ ಇಚಲಕರಂಜಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿದ್ದ. ಅವನ ಬೆರಳ ಉಗುರುಗಳೇ ಕಾಮನಬಿಲ್ಲು. ಹೋಗಿ ಕೇಳಿದೆ.

"ಏನ್ ಮಾಮಾ, ಕೂದಲಕ್ಕ ಹಚ್ಕೊಳ್ಳಾಕೇನು? ಅಕ್ಕಗ ಹೇಳ್ತೇನಿ ತಡೀರಿ."

"ನಿಮ್ಮಕ್ಕಗ ಮಲ್ಲಿಗಿದ ಸಾಕಾಗೈತಿ, ಕೇಸರಿ ಬ್ಯಾಡ. ಸುಮ್ಮ ಕೊಡಪಾ."

ಅವನು ಪೊಟ್ಟಣ ಕಟ್ಟಿಕೊಡುತ್ತ, ತಮ್ಮಲ್ಲೂ ಸಾಬೂನು ಸರಿಯಾಗಿ ಜಾಲಾಡದೆ ಬಣ್ಣ ಹಿಡಿಸುವ ಫಿಕ್ಸರ್ ಹಾಕಿದರೆ ಎರಡೂ ಕೂಡಿ ಒಡೆದ ಹಾಲಿನಂತೆ ಬಟ್ಟೆಗೆ ಮೆತ್ತಿಕೊಳ್ಳುತ್ತವೆ ಎಂದು ತನ್ನ ಮೇಲ್ವಿಚಾರಕ ಮುಕಾದಮನನ್ನು ಬೈದುಕೊಂಡ. ಬಂದು ಮೇಡಂಗೆ ಹೇಳಿದರೆ, "ಹೌದ್ರಿ, ಫಿಕ್ಸರೂ ಪ್ಲಸ್. ಅಲ್ಲೂ ಅದ ತೆಕ್ಕಿ" ಎಂದರು.

ಮರುದಿನ ಬೆಳಗ್ಗೆ ಅಪ್ಪಾಸಾಹೇಬರ ಬಳಿ ಹೋಗಿ ಕೈ ಮುಗಿದು ನಿಂತೆ. "ಸಾಹೇಬ್ರ, ಲ್ಯಾಬಿನ್ಯಾಗ ಒಂದು ಹೊಸಾ ಪರೀಕ್ಷಾ ಇಟ್ಟೇವಿ. ನಿಮ್ಮ ಕೈಗುಣ ಬೇಕಾಗಿತ್ರಿ."

ಕೈಗುಣ ಎಂದರೆ ಅವರು ಎದ್ದೇ ಬಿಡುತ್ತಿದ್ದರು. ಊರಿನ ಯಾವ ಬೋರ್‌ವೆಲ್ಲಿಗೂ ಮೊದಲ ಕಾಯಿ ಒಡೆಯುವವರು ಅವರೇ. ಮೇಜಿನ ಮೇಲೆ ಉದ್ದನೆಯ ಗಾಜಿನ ಬಾಟಲಿ ಇತ್ತು. ಕೆಳಗೆ ನಮ್ಮ ಮಲ್ಲಿಗೆ ಎಣ್ಣೆ, ಮೇಲೆ ನೀರು. ನಮ್ಮ ಎಣ್ಣೆ ಅಡುಗೆ ಎಣ್ಣೆಯಂತೆ ತೇಲುವುದಿಲ್ಲ, ಬರೀ ನೀರಿನಲ್ಲಿ ಮುಳುಗುತ್ತದೆ. ಮೇಡಂ ನೀರಿಗೆ ಬಣ್ಣ ಹಾಕಿದರು: ಮೇಲೆ ಕೇಸರಿ, ಕೆಳಗೆ ಬಿಳಿ. ಪೈಲ್ವಾನನ ವಡಾಪದ ಕಥೆ ಹೇಳುತ್ತ ಪುಡಿಯನ್ನು ಅಪ್ಪಾಸಾಹೇಬರ ಕೈಯಿಂದ ಹಾಕಿಸಿ, ಅವರಿಂದಲೇ ಬಾಟಲಿ ಕುಲುಕಿಸಿದರು. ಬಾಟಲಿ ಇಟ್ಟು ಕಾದೆವು. ನೋಡನೋಡುತ್ತ ಕೇಸರಿ ಕೆಳಗಿನ ಎಣ್ಣೆಗೆ ಇಳಿಯಿತು, ಮೇಲಿನ ನೀರು ತಿಳಿಯಾಯಿತು.

"ಹೋ!" ಎಂದರು ಅಪ್ಪಾಸಾಹೇಬರು. "ಸ್ಟ್ಯಾಂಡ್ ಖಾಲಿ ಮಾಡ್ಕೊಂಡು ಹ್ವಾದ್ನಲ್ಲ ಪೈಲ್ವಾನ!"

"ಹೌದ್ರಿ ಸಾಹೇಬ್ರ, ವಡಾಪ" ಎಂದೆ ನಾನು. "ಈಗ ಖಂಡೇನವಮಿ ನೀರು. ತೀರ್ಥ ಇದ್ದಾಂಗ. ಶಾಸ್ತ್ರಕ್ಕ ಒಂದಿಷ್ಟ ಹಾಕ್ರಿ."

ಅವರು ಧಾರಾಳಿ, ಒಂದಿಷ್ಟಕ್ಕೆ ನಿಲ್ಲುವವರಲ್ಲ. ಟಾಕಿಯ ನೀರನ್ನು ಲೋಟದಿಂದ ಸುರಿದು, ಮತ್ತೆ ಅಲ್ಲಾಡಿಸಿದರು. ಬುರುಗು ಎದ್ದಿತು. ಇಟ್ಟು ಕಾದೆವು. ಈ ಸಲ ಸಾವಕಾಶವಾಯಿತು. ಬುರುಗು ಕುಂತಿತು, ಮಜ್ಜಿಗೆ ತಿಳಿಯಾಯಿತು. ಕೇಸರಿ ಎಣ್ಣೆ ಬಿಟ್ಟು ಮೇಲಿನ ನೀರಿಗೆ ವಾಪಸು ಬಂದು ನಿಂತಿತ್ತು. ಜೀಪಿನಿಂದ ತಳ್ಳಿಸಿಕೊಂಡ ಪ್ರಯಾಣಿಕನಂತೆ.

ಮೇಡಂ ನೆಲ ನೋಡುತ್ತಿದ್ದರು. ನಾನು ಚಾವಣಿಯ ಪಂಖ ನೋಡುತ್ತಿದ್ದೆ. ತುಕಾರಾಮ ಬಾಗಿಲಲ್ಲಿ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ. ಅಪ್ಪಾಸಾಹೇಬರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಟಾಕಿ ನೀರು ಕೆಟ್ಟೈತಿ. ನಾ ಮದ್ಲ ಅಂದಿದ್ದೆ, ಬೋರಿನ ನೀರು ಬಳಸ್ರಿ ಅಂತ. ಯಾರ್ ಕೇಳ್ತಾರ ನನ್ನ ಮಾತು?"

"ಚುಕಲಂಚ್ ಸಾಹೇಬ್" ಎಂದ ತುಕಾರಾಮ, ತಪ್ಪೆಲ್ಲ ತನ್ನದೇ ಎಂಬಂತೆ ಕಿವಿ ಹಿಡಿದುಕೊಂಡು.

ಟಾಕಿಯ ನೀರನ್ನು ಕೊಳೆ ನೀರು ಒಯ್ಯುವ ಟ್ಯಾಂಕರಿಗೆ ಕೊಟ್ಟರು. ಹಂಡೆಯನ್ನು ಬರೀ ಬೋರಿನ ನೀರಿನಿಂದ, ಬುರುಗು ನಿಲ್ಲುವ ತನಕ ತೊಳೆದೆವು. ಬೆಳಗಿನ ಶಿಫ್ಟಿನಲ್ಲಿ ಏರಿಸಿದ ಬ್ಯಾಚು ಅದೇ ಶಿಫ್ಟಿನಲ್ಲಿ ಇಳಿಯಿತು. ಅಪ್ಪಾಸಾಹೇಬರು ಬಿರಡೆ ತೆಗೆದು ಮೂಸಿ, "ತಂಗಿ, ದೀಪಾವಳಿ ಸುಟ್ಟಿ ಮುಗಿಸಿ ಲಗೂ ಬಾ" ಎಂದಷ್ಟೇ ಅಂದರು. ಮೇಡಂ ಬಂದರು. ಇಂದಿಗೂ ಅಲ್ಲೇ ಇದ್ದಾರೆ, ಈಗ ಲ್ಯಾಬೆಲ್ಲ ಅವರದೇ.

ಆಮೇಲೆ ಯಾರೇ ಕಾರ್ಖಾನೆ ನೋಡಲು ಬಂದರೂ ಅಪ್ಪಾಸಾಹೇಬರು ತಾವೇ ನಿಂತು ಹೇಳತೊಡಗಿದರು: "ನೋಡ್ರಿ, ಕ್ಯಾಟಲಿಸ್ಟ್ ಅಂದ್ರ ವಡಾಪ. ಇಳಿಯೂ ಪ್ರಯಾಣಿಕ್ರನ್ನ ಹತ್ತಿಸ್ಕೋಬೇಕು." ನಾನು ಪಕ್ಕದಲ್ಲೇ ನಿಂತು, ಮೊದಲ ಸಲ ಕೇಳುವವನಂತೆ ಗೋಣು ಹಾಕುತ್ತಿದ್ದೆ. ದೊಡ್ಡ ಮನುಷ್ಯನನ್ನು ಸುಲಭವಾಗಿ ಏಮಾರಿಸಿದೆ ಎಂದು ಒಳಗೊಳಗೇ ಹೆಮ್ಮೆ. ಪ್ರತಿ ಖಂಡೇನವಮಿಗೆ ಅವರೇ ಏಣಿಯ ಕೆಳಗೆ ನಿಂತು, ರಿಯಾಕ್ಟರಿಗೆ ಹೊರಗಿನಿಂದ ಮಾಲೆ, ಒಳಗೆ ಬೋರಿನ ನೀರು ಮಾತ್ರ ಎಂದು ಹುಕುಂ ಮಾಡುತ್ತಿದ್ದರು.

ನಾನು ನಿವೃತ್ತನಾದ ದಿನ ಕಾರ್ಖಾನೆಯ ಅಂಗಳದಲ್ಲಿ ಖುರ್ಚಿ ಹಾಕಿ, ಶಾಲು ಹೊದಿಸಿದರು, ಕೊಲ್ಲಾಪುರಿ ಫೇಟಾ ಸುತ್ತಿದರು. ಗಂಗವ್ವ ಮುಂದಿನ ಸಾಲಿನಲ್ಲಿ ಕುಳಿತು ನನ್ನ ಫೇಟಾ ನೋಡಿ ಸೆರಗಿನಲ್ಲಿ ನಗುತ್ತಿದ್ದಳು. ಮೇಡಂ ಎರಡು ಮಾತಾಡಿದರು, ಕಣ್ಣೊರೆಸಿಕೊಂಡರು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು ಎಂದು ಆಮೇಲೆ ನನಗೆ ಸುಳ್ಳು ಹೇಳಿದರು. ಕೊನೆಗೆ ಅಪ್ಪಾಸಾಹೇಬರು ಎದ್ದು, ಕೆಂಪು ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಒಂದು ಪೊಟ್ಟಣ ನನ್ನ ಕೈಗಿಟ್ಟರು. ಭಾರವಾಗಿತ್ತು. ಬಿಚ್ಚಿದೆ.

ಡಿಟರ್ಜೆಂಟ್ ಪುಡಿ.

ಅಪ್ಪಾಸಾಹೇಬರು ಬಾಗಿ, ಫೇಟಾ ಸರಿಮಾಡುವ ನೆವದಿಂದ ಕಿವಿಯ ಹತ್ತಿರ ಬಂದರು.

"ತೀರ್ಥ ಅಂದೆಲ್ಲಲೇ ಮಲ್ಲಪ್ಪಾ. ಬಾಟಲ್ಯಾಗ ಬುರುಗು ಬಂದಿದ್ದು ನನಗ ಕಾಣ್ಲಿಲ್ಲ ಅಂತ ತಿಳಿದಿಯೇನು? ಮನಿಗೆ ಒಯ್ದು ಗಂಗವ್ವಗ ಕೊಡು, ಆ ಮಲ್ಲಿಗಿ ಅಂಗಿ ಒಗೀಲಿ."